ಹಳೇ ಪಾಯ

ಮಿನ್ನೆಸೋಟದ ಕೆರೆದಂಡೆಯ ತನ್ನ ಮನೆ ಸುಟ್ಟುಹೋದ ಮೇಲೆ ಆರ್ಡಿಸ್ ಮುದುಕಿ ಹಳೇ ಪಾಯದ ಮೇಲೇ ಕಟ್ಟುತ್ತೇನೆಂದು ಹಟ ಹಿಡಿದಳು. ಪಾಯ ನೀರಿಗೆ ತೀರಾ ಹತ್ತಿರವಿತ್ತು. ದಂಡೆಯಿಂದ ದೂರ ಕಟ್ಟಬೇಕೆಂಬ ನಿಯಮ ಸಡಿಲಿಸಲು ಊರಿನ ಸಭೆ ಒಪ್ಪಬೇಕಿತ್ತು.

ಸಭೆಯಲ್ಲಿ ಪಕ್ಕದ ಮನೆಯ ಡೆಲ್ಮರ್ ಎದ್ದು ನಿಂತ. "ನಿಯಮ ಎಲ್ಲರಿಗೂ ಒಂದೇ. ಹಿಂದಕ್ಕೆ ಸರಿದು ಕಟ್ಟಲಿ."

ಆರ್ಡಿಸ್‌ಗೆ ಮೈಯೆಲ್ಲ ಉರಿಯಿತು. ಆದರೂ ಮೆಲ್ಲಗೆ ಅಂದಳು, "ಆಯ್ತಪ್ಪ, ಸರೀತೀನಿ. ಕೆರೆ ಹೆಪ್ಪುಗಟ್ಟೋ ಮುಂಚೆ ಪ್ರತಿ ವರ್ಷ ದೋಣಿ ಕಟ್ಟೋ ನಿನ್ನ ಮರದ ಅಟ್ಟಣೆ ಬಿಚ್ಚಿ, ಹಲಗೆಗಳನ್ನ ನನ್ನ ಹಿತ್ತಲಲ್ಲಿ ಪೇರಿಸ್ತೀಯಲ್ಲ, ಹೊಸ ಮನೆ ಬರೋದು ಅಲ್ಲೇ. ಈ ಸಲ ಎಲ್ಲಿಡ್ತೀಯ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡೆಲ್ಮರ್ ಕೈಯಲ್ಲಿದ್ದ ಟೋಪಿಯನ್ನು ಸುಮ್ಮನೆ ತಿರುಗಿಸಿದ.

"ಹಳೇ ಪಾಯ ಗಟ್ಟಿಯಾಗೇ ಇದೆ," ಅಂದ. "ನಾನೇ ನೋಡಿದೀನಿ."