ಏಳನೇ ರೂಮಿನ ಬಾಗಿಲಿಗೆ ಬೇವಿನ ಸೊಪ್ಪು

ಫ್ರೆಂಡ್ಸ್, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಕೂತಲ್ಲಿ ಕೂರಲಾಗುತ್ತಿಲ್ಲ. ಯಲಹಂಕದ ನಮ್ಮ ನರ್ಸಿಂಗ್ ಹೋಮಿನಲ್ಲಿ ಈ ವಾರವೆಲ್ಲ ಚಿಕನ್ ಪಾಕ್ಸ್ ರೋಗಿಗಳೇ. ಏಳನೇ ರೂಮಿನ ಬಾಗಿಲಿಗೆ ‘ಒಳಗೆ ಬರಬಾರದು’ ಎಂದು ನಾನೇ ಕೆಂಪು ಬೋರ್ಡ್ ಹಾಕಿದ್ದೇನೆ. ಜನ ಅದನ್ನು ಓದಿಕೊಂಡೇ ಎಳನೀರು ಹಿಡಿದು ಒಳಗೆ ನುಗ್ಗುತ್ತಾರೆ.

ಬೆಳಿಗ್ಗೆ ಆ ರೂಮಿನ ರೋಗಿಯ ತಂಗಿ ಬಂದಳು. ಏಳು ತಿಂಗಳ ಬಸುರಿ, ಚಿಕ್ಕಂದಿನಲ್ಲಿ ಇದು ಬಂದೇ ಇಲ್ಲವಂತೆ. ನಾನು ಓಡಿಹೋಗಿ ತಡೆದೆ.

“ಒಳಗೆ ಹೋಗ್ಬೇಡಿ, ನಿಮಗೂ ಮಗೂಗೂ ತೊಂದ್ರೆ ಆಗುತ್ತೆ.”

“ಎರಡೇ ನಿಮಿಷ ಸಿಸ್ಟರ್, ಅಕ್ಕನ್ನ ನೋಡ್ಕೊಂಡು ಬಂದ್ಬಿಡ್ತೀನಿ. ಮಾಸ್ಕ್ ಹಾಕ್ಕೊಂಡಿದೀನಲ್ಲ.”

ವೈರಸ್ ಗಾಳಿಯಲ್ಲಿ ಹೇಗೆ ಹರಡುತ್ತದೆ ಎಂದು ನಾನು ವಿವರಿಸುತ್ತಿದ್ದಂತೆಯೇ ಅವಳ ಕೈ ಚಿಲಕದ ಮೇಲೆ ಹೋಯಿತು. ಅಷ್ಟರಲ್ಲಿ ಆಯಾ ಲಕ್ಷ್ಮಮ್ಮ, ಕಾಂಪೌಂಡಿನ ಮರದಿಂದ ಕಿತ್ತು ತಂದಿದ್ದ ಬೇವಿನ ಸೊಪ್ಪನ್ನು ಬಾಗಿಲಿಗೆ ಸಿಕ್ಕಿಸಿದಳು.

“ಒಳಗೆ ಅಮ್ಮ ಅವ್ಳೆ ಕಣವ್ವ. ಬಸ್ರಿ ಎಂಗಸು ಇಂಗೆಲ್ಲಾ ಓಗ್ಬಾರ್ದು.”

ಹುಡುಗಿ ತಕ್ಷಣ ಹಿಂದೆ ಸರಿದು, ಚಪ್ಪಲಿ ಬಿಟ್ಟು ಬಾಗಿಲಿಗೆ ಕೈಮುಗಿದಳು. “ಸಂಜೆ ಐದಕ್ಕೆ ಗಂಜಿ ತರ್ತೀನಿ ಸಿಸ್ಟರ್” ಎಂದು ಹೇಳಿ ಹೊರಟಳು. ನಾಲ್ಕು ವರ್ಷ ನರ್ಸಿಂಗ್ ಓದಿದ ನಾನು ನೋಡುತ್ತ ನಿಂತಿದ್ದೆ.

ಹನ್ನೊಂದಕ್ಕೆ ಸೂಪರಿಂಟೆಂಡೆಂಟ್ ಮೇಡಂ ರೌಂಡ್ಸಿಗೆ ಬಂದರು.

“ಏನ್ ಸಿಸ್ಟರ್ ಇದು, ಓದಿರೋ ನೀವೇ ಮೂಢನಂಬಿಕೆ ಬೆಳೆಸ್ತೀರಾ? ತೆಗೀರಿ. ನಾಳೆ ಇನ್ನೂ ದೊಡ್ಡ ಬೋರ್ಡ್ ಹಾಕಿಸ್ತೀನಿ.”

ತೆಗೆದೆ.

ಆ ಬಸುರಿ ಬರುವುದು ಐದಕ್ಕೆ. ಮೇಡಂ ಮನೆಗೆ ಹೊರಡುವುದು ನಾಲ್ಕೂವರೆಗೆ. ಬೇವಿನ ಸೊಪ್ಪು ನನ್ನ ಕೋಟಿನ ಜೇಬಿನಲ್ಲಿದೆ.