ಗಂಟು ಹಾಕದ ಎಳೆ

ಬುಧವಾರ, ಬೆಳಿಗ್ಗೆ ಎಂಟು ಗಂಟೆ. ರಬಕವಿಯ ನಮ್ಮ ಮನೆಯಲ್ಲಿ ನಾನು ಮತ್ತು ಕೆಲಸಕ್ಕೆ ಬರುವ ಹೆಂಗಸು, ಇಬ್ಬರೇ. ಕಪಾಟು ಒರೆಸುವಾಗ, ಕೆಂಪು ಸೀರೆಯ ಅಂಚಿನಿಂದ ಹೊಲಿದ ಮಾಸ್ಕ್ ಒಂದು ಸಿಕ್ಕಿತು. ಮಡಿಕೆ ಬಿಚ್ಚಿದರೆ ನೂಲಿನ ಗಂಜಿಯ ವಾಸನೆ ಇನ್ನೂ ಇತ್ತು... ಎದುರುಮನೆಯ ನೇಕಾರ ಕೊಟ್ಟದ್ದು. ಅವನಿಗೆ ಬೇರೊಬ್ಬರ ಹೃದಯ ಜೋಡಿಸಿದ ಮೇಲೆ, ಸೋಂಕಿನ ಭಯಕ್ಕೆ, ಕಾಣಲು ಬಂದವರೆಲ್ಲ ಇಂಥದನ್ನು ಕಟ್ಟಿಕೊಂಡೇ ಒಳಗೆ ಹೋಗಬೇಕಿತ್ತು.

ನಾಲ್ಕನೇ ತರಗತಿಯಲ್ಲಿ ನನ್ನ ಬಳಿ ಕಲಿತವನು ಅವನು. ಮಾತ್ರೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ತಪ್ಪಿದರೆ ದೇಹ ಆ ಹೃದಯವನ್ನು ಹೊರಗಿನದೆಂದು ತಿರಸ್ಕರಿಸುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಶಾಲೆಯ ಗಂಟೆಗೆ ನಡೆದು ಬದುಕಿದವಳು ನಾನು. ಸಮಯ ನೋಡಿ ಕೂಗುವ ಕೆಲಸವನ್ನು ನಾನೇ ವಹಿಸಿಕೊಂಡೆ. ಐದನೆಯ ತಿಂಗಳಿಗೆ ಅವನು ಮಾತ್ರೆ ಬಿಡತೊಡಗಿದ. ಯಾಕೆಂದು ಕೇಳಿದೆ.

“ಮೊಮ್ಮಗಳ್ನ ಮೊದಲನೇ ಸಲ ಎತ್ಕೊಂಡೆರಿ ಅಕ್ಕೋರ. ಎದಿ ಝಲ್ ಅನ್ನಲಿಲ್ಲ. ಇದು ನನ್ನ ಎದಿ ಅಲ್ಲ ಬಿಡ್ರಿ.”

“ಮದಿವ್ಯಾಗ ನನ್ನ ನೋಡಿದಾಗೂ ಝಲ್ ಅಂದಿರಲಿಲ್ಲ. ಆಗ ಸ್ವಂತದ್ದ ಇತ್ತಲ್ಲ,” ಎಂದಳು ಹೆಂಡತಿ. ಅವನು ನಗಲಿಲ್ಲ.

ಮರುದಿನವೇ ಇಬ್ಬರನ್ನೂ ಆಸ್ಪತ್ರೆಗೆ ಹೊರಡಿಸಿಕೊಂಡು ಹೋದೆ. ಹೃದಯ ಕಸಿ ಮಾಡುವಾಗ ಅದರ ನರಗಳು ತುಂಡಾಗುತ್ತವೆ, ಹೀಗಾಗಿ ಮಿದುಳಿನ ಸುದ್ದಿ ಅದಕ್ಕೆ ನೇರವಾಗಿ ಮುಟ್ಟುವುದಿಲ್ಲ ಎಂದರು ಡಾಕ್ಟರು.

“ಎಳಿ ಹರದ್ರ ನಾವು ಗಂಟ ಹಾಕತೀವಲ್ರೀ ಸಾಹೇಬ್ರ. ನೀವ್ಯಾಕ ಹಾಕಲಿಲ್ಲ?” ಅವನು ಸಿಟ್ಟಿನಲ್ಲೇ ಕೇಳಿದ.

ಆ ಎಳೆಗೆ ಗಂಟು ಹಾಕಲು ಬರುವುದಿಲ್ಲ. ಸಂತೋಷವಿರಲಿ, ಗಾಬರಿಯಿರಲಿ, ರಕ್ತದಲ್ಲಿ ಹರಿದುಹೋಗಿ ಮುಟ್ಟಬೇಕು, ತಡವಾಗುತ್ತದೆ ಅಷ್ಟೇ ಎಂದು ಅವರು ತಾಳ್ಮೆಯಿಂದ ತಿಳಿಸಿದರು.

ಊರಿಗೆ ಮರಳಿದ ಕೂಡಲೇ ಅವನ ತೊಡೆಯ ಮೇಲೆ ಕೂಸನ್ನು ಮಲಗಿಸಿ, ನಾಡಿ ಹಿಡಿದು ಗಡಿಯಾರ ನೋಡುತ್ತ ಕುಳಿತೆ. ಮೊದಲ ನಿಮಿಷ ತೊಂಬತ್ತೆರಡು. ಎರಡನೆಯದೂ ಅಷ್ಟೇ. ಕೂಸು ಅವನ ಬೆರಳು ಹಿಡಿದುಕೊಂಡಿತು. ಮೂರನೆಯದು ತೊಂಬತ್ತೊಂಬತ್ತು... ನಾಲ್ಕನೆಯದು ನೂರ ಹತ್ತು.

“ಬಂತ್ರೀ ಅಕ್ಕೋರ,” ಎಂದ. ಕಣ್ಣು ತುಂಬಿದ್ದವು.

ಕೂಸನ್ನು ತಾಯಿ ಎತ್ತಿಕೊಂಡು ಹೋದ ಮೇಲೂ ಬಹಳ ಹೊತ್ತು ನಾಡಿ ಹಾಗೇ ಬಡಿಯುತ್ತಿತ್ತು. ತಡವಾಗಿ ಬಂದದ್ದು ತಡವಾಗಿಯೇ ಹೋಗುತ್ತಿತ್ತು. ಆ ದಿನದಿಂದ ಒಂದು ಮಾತ್ರೆಯೂ ತಪ್ಪಲಿಲ್ಲ.

ಒಂಬತ್ತು ವರ್ಷ ಬದುಕಿದ. ಮಗ್ಗ ನಡೆಸಿದ, ಮೊಮ್ಮಗಳನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಟ್ಟು ಬಂದ... ಕೊನೆಗೆ ಕೈಕೊಟ್ಟದ್ದು ಮೂತ್ರಪಿಂಡ, ಹೃದಯವಲ್ಲ.

ಇವತ್ತು ಸಂಜೆ ಐದಕ್ಕೆ ಆ ಹುಡುಗಿ ಬಂದು ಹದಿನೇಳರ ಮಗ್ಗಿಯನ್ನು ಎಲ್ಲೂ ನಿಲ್ಲದೆ ಒಪ್ಪಿಸಿದಳು. ಕೇಳಿ ಹಿಗ್ಗಬೇಕಾದವನು ಇಲ್ಲ. ಒಂದೂ ತಪ್ಪಿಲ್ಲ ಎಂದು ಅವಳ ನೋಟ್‌ಬುಕ್ಕಿನಲ್ಲಿ ಬರೆದು, ಸಹಿ ಹಾಕಿ, ಅಜ್ಜಿಗೆ ತೋರಿಸಲು ಕಳಿಸಿದೆ.