ಅಕ್ಕನ ಮಾಡಿಗೆ ಬರೆದ ಐವತ್ತು ಕಾಗದ

ಪಾಣೆಮಂಗಳೂರಿನಲ್ಲಿ ನನ್ನ ಅಕ್ಕನದ್ದೊಂದು ಚಾ ಹೋಟೆಲು. ಅದರ ಎದುರಿನ ತಗಡಿನ ಮಾಡು ಅನಧಿಕೃತ, ತೆಗೆಯಬೇಕು ಎಂದು ಪುರಸಭೆಯ ಆದೇಶ ಬಂತು. ಅಕ್ಕ ಮೇಲಿನ ಕಚೇರಿಗೆ ಅಪೀಲು ಹಾಕಿದಳು. ನಾಲ್ಕು ಬೆಂಚೂ ಇದ್ದದ್ದು ಆ ಮಾಡಿನ ಅಡಿಯಲ್ಲೇ. ಒಳಗೆ ಒಲೆ ಮತ್ತು ಅಕ್ಕ ಹಿಡಿಯುವಷ್ಟೇ ಜಾಗ. ಮಾಡು ಹೋದರೆ ಹೋಟೆಲೇ ಹೋದಂತೆ.

ಈ ಅಪೀಲಿನ ಬಗ್ಗೆ ಸಾರ್ವಜನಿಕರು ಯಾರು ಬೇಕಾದರೂ ಅಭಿಪ್ರಾಯ ಬರೆದುಕೊಡಬಹುದು ಎಂಬ ನೋಟಿಸನ್ನು ಹೋಟೆಲಿನ ಗೋಡೆಗೆ ಅಂಟಿಸಿ ಹೋದರು. ಗೋಳಿಬಜೆ ತಿಂದವರ ಎಣ್ಣೆ ಕೈ ತಾಗಿ ಎರಡೇ ದಿನದಲ್ಲಿ ಅದು ಪಾರದರ್ಶಕವಾಯಿತು. ಸರಕಾರದ ಕಾಗದವೊಂದು ಅಷ್ಟು ಪಾರದರ್ಶಕವಾಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ನೀನು ರಿಕ್ಷಾದವ, ನಿನಗೆ ಜನ ಗೊತ್ತುಂಟು. ಒಂದು ಐವತ್ತು ಕಾಗದ ಮಾಡಿಸು. ಮೊದಲು ನನ್ನ ಅಪೀಲು ಓದು," ಎಂದು ಅಕ್ಕ ಅದರ ಪ್ರತಿ ಕೊಟ್ಟಳು.

"ಓದ್ತೇನೆ ಅಕ್ಕ, ಅದೆಂತ ದೊಡ್ಡ ವಿಷಯ?"

ನಾನು ಕಲಿತದ್ದು ಏಳನೆಯ ತರಗತಿ. ಅಂಥ ಕಾಗದಗಳ ವಾಕ್ಯ ಒಂದು ಪುಟದಲ್ಲಿ ಹೊರಟು ಇನ್ನೊಂದರಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಹತ್ತಿದವರು ಯಾರೆಂದು ಮರೆತಿರುತ್ತದೆ. ಪ್ರತಿಯನ್ನು ರಿಕ್ಷಾದ ಸೀಟಿನ ಅಡಿಗೆ ತುರುಕಿದೆ.

ಕಾಗದ ಹೇಗೆ ಬರೆಯಬೇಕೆಂದು ಕೇಳಲು ಹೋದಾಗ ಅಪೀಲು ಕಚೇರಿಯ ಹೆಂಗಸು ನಿಧಾನವಾಗಿಯೇ ವಿವರಿಸಿದರು. "ಹೆಸರು, ವಿಳಾಸ, ಅಪೀಲಿನ ನಂಬರು ಬೇಕು. ಎರಡು ಪ್ರತಿ ಕೊಡಿ, ಒಂದು ಎದುರು ಪಕ್ಷದವರಿಗೆ, ಪುರಸಭೆಗೆ ಹೋಗ್ತದೆ. ಕೊನೆಯ ದಿನ ದಾಟಬಾರದು. ಅಕ್ಕ ಒಳ್ಳೆಯವರು ಅಂತ ಬರೆದು ಪ್ರಯೋಜನ ಇಲ್ಲ, ಕಟ್ಟಡದ ವಿಷಯ ಬರೀರಿ. ಅಪೀಲಿನಲ್ಲಿ ಎಂತ ಉಂಟು ಅಂತ ಗೊತ್ತುಂಟಲ್ಲ?"

"ಗೊತ್ತುಂಟು ಗೊತ್ತುಂಟು," ಎಂದೆ.

ಗೋಳಿಬಜೆಯ ಗುಣಗಾನಕ್ಕೆ ಅರ್ಧ ಪುಟ ಹೋಯಿತು. ಆಮೇಲೆ ಕಟ್ಟಡದ ನೆನಪಾಗಿ ಒಂದು ಸಾಲು ಸೇರಿಸಿದೆ: "ಕಳೆದ ವರ್ಷ ಮಾಡನ್ನು ರಸ್ತೆಯ ಕಡೆಗೆ ಆರಡಿ ಮುಂದೆ ತಂದ ಮೇಲೆ ಬಸ್ಸು ಕಾಯುವವರಿಗೂ ನೆರಳಾಗಿದೆ." ಬರೆದು ನನಗೇ ಹೆಮ್ಮೆಯಾಯಿತು. ಜೆರಾಕ್ಸಿನವನಿಂದ ಟೈಪು ಮಾಡಿಸಿ ಪ್ರತಿ ತೆಗೆಸಿದೆ. ಮೆಲ್ಕಾರಿನ ರಿಕ್ಷಾ ಸ್ಟ್ಯಾಂಡಿನಲ್ಲಿ ಎಲ್ಲರೂ ಸಹಿ ಹಾಕಿದರು. ಯಾರೂ ಓದಲಿಲ್ಲ. ಗುರುತಿನವ ಸಹಿ ಕೇಳಿದಾಗ ಓದಿ ನೋಡುವುದೆಂದರೆ ನಮ್ಮಲ್ಲಿ ಅವನನ್ನು ಕಳ್ಳ ಎಂದಂತೆ.

ವಿಚಾರಣೆಯ ದಿನ ಪುರಸಭೆಯ ವಕೀಲರು ಬೇರೆ ಸಾಕ್ಷಿಯನ್ನೇ ತರಲಿಲ್ಲ. ನಮ್ಮದೇ ಒಂದು ಕಾಗದವನ್ನು ಓದಿದರು. ಅಕ್ಕನ ಅಪೀಲಿನಲ್ಲಿದ್ದದ್ದು ಒಂದೇ ವಾದ ಎಂದು ನನಗೆ ಆಗ ತಿಳಿಯಿತು: ಮಾಡು ಅಪ್ಪನ ಕಾಲದ್ದು, ಇದ್ದಲ್ಲೇ ಉಂಟು, ಬದಲಿಸಿದ್ದು ತಗಡು ಮಾತ್ರ.

ಅಧಿಕಾರಿ ಕನ್ನಡಕ ತೆಗೆದರು. "ಇದು ನಿಮ್ಮ ಪರ ಬಂದದ್ದಾ ಅಮ್ಮ, ವಿರುದ್ಧವಾ? ಐವತ್ತು ಜನರೂ ಸರಿಯಾಗಿ ಆರಡಿ ಅಂತಾರೆ. ಇಷ್ಟು ಒಗ್ಗಟ್ಟು ನಾನು ನೋಡಿಯೇ ಇಲ್ಲ."

ಹೊರಗೆ ಬಂದು ಅಕ್ಕ ಕೇಳಿದಳು, "ಆ ಆರಡಿ ಬರೆದದ್ದು ಯಾವ ಕತ್ತೆ?"

"ಟೈಪು ಮಾಡಿದವ ಸೇರಿಸಿರಬೇಕು," ಎಂದಿತು ನನ್ನ ಬಾಯಿ.

ಅಪೀಲು ಬಿದ್ದುಹೋಯಿತು. ಅಕ್ಕ ನನ್ನನ್ನೂ ಕರೆದುಕೊಂಡು ಜೆರಾಕ್ಸ್ ಅಂಗಡಿಗೆ ನುಗ್ಗಿದಳು. "ನಿನ್ನ ಹತ್ತಿರ ಅಳತೆ ಕೇಳಿದ್ದು ಯಾರು ಮಾರಾಯ? ನೀನೆಂತ ಇಂಜಿನಿಯರಾ?"

ಆತ ಒಮ್ಮೆ ನನ್ನ ಮುಖ ನೋಡಿದ. ನಾನು ಲ್ಯಾಮಿನೇಶನಿನ ದರಪಟ್ಟಿ ಓದುತ್ತಿದ್ದೆ. ಅಷ್ಟು ಗಮನವಿಟ್ಟು ನಾನು ಏನನ್ನೂ ಓದಿದವನಲ್ಲ.

"ನನ್ನಿಂದ ತಪ್ಪಾಗಿರಬಹುದು ಅಕ್ಕ," ಎಂದ ಅವನು.

ಅಕ್ಕ ಈಗ ಕಿಟಕಿಯಿಂದಲೇ ಚಾ ಕೊಡುತ್ತಾಳೆ. ಜನ ಬಿಸಿಲಿನಲ್ಲಿ ನಿಂತು ಕುಡಿದು ಹೋಗುತ್ತಾರೆ. ಒಂದು ಆಧಾರ್ ಕಾರ್ಡಿನ ಜೆರಾಕ್ಸಿಗೂ ಅವಳು ಇಲ್ಲಿಯ ಅಂಗಡಿ ಬಿಟ್ಟು ಬಂಟ್ವಾಳ ಪೇಟೆಗೆ ಹೋಗುವುದು, ನನ್ನದೇ ರಿಕ್ಷಾದಲ್ಲಿ. ಹೇಳಿಬಿಡುವ ಎಂದು ಪ್ರತಿ ಸಲವೂ ಹೊರಡುತ್ತೇನೆ. ಸೇತುವೆ ದಾಟುವಾಗ ಅವಳು ಆ ಜೆರಾಕ್ಸಿನವನಿಗೆ ಬೈಯಲು ಸುರು ಮಾಡುತ್ತಾಳೆ. ನಾನು "ಹೌದು ಅಕ್ಕ" ಎನ್ನುತ್ತೇನೆ.